ಹದಿನೈದು ತುಂಬೋದ್ರೊಳಗ

ಐರ್ಲೆಂಡಿಗೆ ಹೊಂಟಿದ್ದ ಆ ನರ್ಸ್‌ಬಾಯಿ ಕಾಗದಪತ್ರ ನನ್ನ ಟೇಬಲ್ಲಿಗೆ ಬಂದದ್ದು ಸಂಕ್ರಾಂತಿ ಮುಗಿದ ವಾರ. ತಂದಾಕಿ ಆಕಿ ಅಲ್ಲ, ಆಕಿ ಮಗಳು. ಒಂಬತ್ತನೇ ಇಯತ್ತೆ ಓದೋ ಹುಡುಗಿ, ಸಾಲಿ ಯುನಿಫಾರ್ಮಿನ ಮ್ಯಾಲ ಸ್ವೆಟರ್ ಹಾಕ್ಕೊಂಡು ನವನಗರದಿಂದ ಬಸ್ಸಿನ್ಯಾಗ ಒಬ್ಬಾಕಿನ ಬಂದಿದ್ಲು. "ಅವ್ವಗ ಇವತ್ತ ಡ್ಯೂಟಿ ಐತ್ರಿ. ಇದನ್ನ ಅಕ್ಕಾರ ಕೈಯಾಗ ಕೊಟ್ಟು ಬಾ ಅಂದಾಳ್ರಿ," ಅಂತ ದಾರ ಸುತ್ತಿದ ದೊಡ್ಡ ಲಕೋಟಿ ನನ್ನ ಮುಂದ ಇಟ್ಲು.

ಹುಬ್ಬಳ್ಯಾಗ ಒಂದು ಝೆರಾಕ್ಸ್ ಅಂಗಡಿ ಮ್ಯಾಲಿನ ಖೋಲ್ಯಾಗ ಕುಂತು, ಹೊರದೇಶಕ್ಕ ಹೋಗೋರ ಫೈಲು ಜೋಡಿಸಿ ಕೊಡೋದು ನನ್ನ ಉದ್ಯೋಗ. ನನ್ನ ಬಾಯಿ ಜೋರು ಅಂತ ಬಂದವ್ರಿಗೆಲ್ಲಾ ಗೊತ್ತು. ಫೋಟೋ ಸೈಜ್ ತಪ್ಪಿದ್ರ ಬೈತೇನಿ, ಸಹಿ ಗೆರಿ ದಾಟಿದ್ರ ಬೈತೇನಿ, "ನಡೀತೈತಿ ಬಿಡ್ರಿ" ಅಂದ್ರಂತೂ ಫೈಲ್ ವಾಪಸ್ ಕೈಯಾಗಿಟ್ಟು ಮೆಟ್ಟಲ ತೋರಿಸ್ತೇನಿ. ನಂದೊಂದು ಪದ್ಧತಿ ಐತಿ. ಲಕೋಟಿ ತಂದವ್ರ ಎದುರಿಗೇ ಬಿಚ್ಚೋದು. ಅವರು ಒಂದೊಂದ ಕಾಗದ ಗಟ್ಟಿಯಾಗಿ ಓದಬೇಕು, ನಾನು ನನ್ನ ಪಟ್ಟಿಯೊಳಗ ಹೆಸರು, ತಾರೀಖು, ಊರು ತಾಳೆ ಹಚ್ಚಿ ಟಿಕ್ ಹಾಕಬೇಕು. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗ್ತೈತಿ ಅಂತ ನನ್ನ ನಂಬಿಗಿ. ಈ ಪದ್ಧತಿ ಬಗ್ಗೆ ನನಗ ಭಾಳ ಜಂಬ ಇತ್ತು.

"ಏನವಾ, ಇಂಗ್ಲಿಷ್ ಓದಾಕ ಬರ್ತೈತೋ, ಇಲ್ಲಾ ನಾನ ಓದ್ಲೋ?" ಅಂದೆ.

"ಬರ್ತೈತ್ರಿ! ಅವ್ವನ ಪರೀಕ್ಷಾಕ್ಕ ನಾನ ಓದಿ ಹೇಳ್ತಿದ್ದೆ. ಎರಡು ಸಲ ಫೇಲ್ ಆದ್ಲು, ಮೂರನೇ ಸಲ ಪಾಸ್. ಎರಡು ಸಲ ಆಕಿ ತಪ್ಪು, ಮೂರನೇದು ನಂದು," ಅಂತ ನಕ್ಕಳು. ಆಮ್ಯಾಲ, "ಅಲ್ಲೆ ಜ್ವಾಳದ ಹಿಟ್ಟು ಸಿಗತೈತೇನ್ರಿ? ಅವ್ವ ಹತ್ತು ಕಿಲೋ ಹೊತ್ಕೊಂಡು ಹೋಗೂಣು ಅಂತಾಳ. ನನಗ ಆಗ್ಲೇ ಕೋಟು ತಂದಿಟ್ಟಾಳ್ರಿ," ಅಂದ್ಲು.

"ಕೂಸು ಹುಟ್ಟೂಕಿಂತ ಮದಲ ಕುಲಾಯಿ ಹೊಲಿಸಿದ್ರಂತ," ಅಂದೆ. "ವೀಸಾನ ಬಂದಿಲ್ಲ, ಕೋಟಂತ. ಓದು, ಓದು."

ನರ್ಸಿಂಗ್ ಮಾರ್ಕ್ಸ್ ಕಾರ್ಡ್ ಓದಿದ್ಲು, ಟಿಕ್. ಕೌನ್ಸಿಲ್ ನೋಂದಣಿ, ಟಿಕ್. ಅಲ್ಲಿನ ಆಸ್ಪತ್ರಿಯ ನೇಮಕ ಪತ್ರ, ಟಿಕ್. ತನ್ನ ಸಾಲಿ ದಾಖಲಾತಿ, ಹುಟ್ಟಿದ ದಿನ ಜೂನ್ ಒಂದು, ತಾಯಿ ಹೆಸರು ನರ್ಸ್‌ಬಾಯೀದು, ಟಿಕ್. ಜೂನ್ ಒಂದು ಅಂದ ಕೂಡ್ಲೇ ನನಗ ನಗು ಬಂತು. ನಮ್ಮ ಕಡೆ ಅರ್ಧ ಊರೆಲ್ಲ ಜೂನ್ ಒಂದಕ್ಕ ಹುಟ್ಟೇತಿ. ಹೆಡ್‌ಮಾಸ್ತರು ದಾಖಲಾತಿ ಮಾಡ್ಕೊಳ್ಳೋ ಮುಂದ ಕೇಳಂಗಿಲ್ಲ, ಕೇಳಿದ್ರ ಮನಿಯವ್ರು ಹೇಳಂಗಿಲ್ಲ.

ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಕವರಿನ ಒಳಗ ಇನ್ನೊಂದು ಕಾಗದ ಮಡಚಿ ಇಟ್ಟಿತ್ತು. ಹಳೇದು, ಕನ್ನಡದಾಗ ಕೈಯಿಂದ ಬರದದ್ದು. ಹುಡುಗಿ ಬಿಡಿಸಿ ಓದಿದ್ಲು: "ಜನನ ನೋಂದಣಿ ಉತಾರ. ಮಗುವಿನ ಹೆಸರು, ಖಾಲಿ ಐತ್ರಿ. ಹೆಣ್ಣು. ತಂದಿ ಹೆಸರು, ನಮ್ಮಪ್ಪಂದ ಐತಿ. ತಾಯಿ ಹೆಸರು..." ಅಂತ ಓದಿ ನಿಂತ್ಲು.

"ಮುಂದ?"

"ಇದು ನಮ್ಮ ದೊಡ್ಡವ್ವನ ಹೆಸರ್ರಿ. ತೀರಿಕೊಂಡಾಳಲ್ರಿ, ಅವ್ವನ ಅಕ್ಕ. ಮನ್ಯಾಗ ಫೋಟೋ ಐತಿ."

ನನ್ನ ಕೈಯಾಗಿನ ಪೆನ್ನು ಹಂಗ ನಿಂತು ಬಿಡ್ತು. ಇಂಥಾ ಎಷ್ಟೋ ಫೈಲು ನೋಡೇನಿ, ಒಂದು ಕ್ಷಣದಾಗ ಎಲ್ಲಾ ತಿಳೀತು. ಕಾಗದ ಕಸಗೊಂಡು, "ಬರಿಯೋ ಗುಮಾಸ್ತ ತಪ್ಪು ಬರದಾನ ಬಿಡವಾ, ಹಳೇ ಮಂದಿದು ಹಿಂಗ ಇರ್ತೈತಿ," ಅಂದೆ. ನನ್ನ ದನಿ ನನಗ ಸುಳ್ಳು ಅನ್ನಿಸ್ತು. ಹುಡುಗಿ ನನ್ನ ಮಾರಿ ನೋಡಿದ್ಲು. "ಹೂಂ ರೀ," ಅಂದು ಚೀಲ ಹೆಗಲಿಗೆ ಹಾಕ್ಕೊಂಡು ಕೆಳಗಿಳದು ಹೋದ್ಲು. ಜ್ವಾಳದ ಹಿಟ್ಟಿನ ಪ್ರಶ್ನಿಗೆ ಉತ್ತರಾನೂ ಕೇಳಲಿಲ್ಲ.

ಆ ಉತಾರಾನ್ನ ಬೋರಲ ಮಾಡಿ ಫೈಲಿನ ತಳಕ್ಕ ಹಾಕಿದೆ. ಟಿಕ್ ಹಾಕಲಿಲ್ಲ. ಪೂರ್ತಿ ಓದಲೂ ಇಲ್ಲ. ಅದನ್ನ ನೋಡಿದ್ರ ಆ ಹುಡುಗಿ ಮಾರಿ ಕಣ್ಣಿಗೆ ಬರ್ತಿತ್ತು.

ಸಂಜೀಕ ನರ್ಸ್‌ಬಾಯಿ ಓಡಿ ಬಂದ್ಲು, ಇನ್ನೂ ಡ್ಯೂಟಿ ಸೀರಿಯೊಳಗ. "ಏನ್ ಮಾಡಿದ್ರಿ ಅಕ್ಕಾರ? ಹುಡುಗಿ ಬಂದಾಗಿಂದ ಫೋಟೋದ ಮುಂದ ಕುಂತೈತಿ. ಉಣವಲ್ದು, ಮಾತಾಡವಲ್ದು," ಅಂತ ಗಳಗಳ ಅತ್ಲು. ಲಕೋಟಿ ನಾನು ಒಬ್ಬಾಕಿನ ಬಿಚ್ಚತೇನಿ, ಆಮ್ಯಾಲ ತಾನ ಬಂದು ಖಾಸಗಿಯಾಗಿ ಮಾತಾಡಬೇಕು ಅಂತ ಆಕಿ ಲೆಕ್ಕಾ ಹಾಕಿದ್ಲು. ನನ್ನ ಪದ್ಧತಿ ಆಕಿಗೆ ಹೆಂಗ ಗೊತ್ತಿರಬೇಕು? ಚಹಾ ತರಿಸಿದೆ, ಆಕಿ ಕುಡೀಲಿಲ್ಲ.

ಅಳು ನಿಂತ ಮ್ಯಾಲ ಹೇಳಿದ್ಲು. ಅಕ್ಕ ಬಾಣಂತನಕ್ಕ ತವರಿಗೆ ಬಂದಾಕಿ, ಕೂಸು ಹಡದ ದಿನಾನ ಸತ್ಲು. ಮೂರನೇ ವಾರ ಇವರವ್ವ ಐದು ಮಂದಿ ಹೆಂಗಸರನ್ನ ಕರದು, ಈಕೀನ ಮಣಿ ಮ್ಯಾಲ ಕುಂದರಿಸಿ, ಉಡ್ಯಾಗ ಅಕ್ಕಿ, ಉತ್ತತ್ತಿ, ಕೊಬ್ರಿ ಬಟ್ಲ ಹಾಕಿ, ಅದರ ಮ್ಯಾಲ ಕೂಸನ್ನ ಹಾಕಿದ್ಲು. "ಇವತ್ತಿನಿಂದ ಇದು ನಿಂದು" ಅಂದ್ಲು. ಈಕಿಗೆ ಆಗ ಇಪ್ಪತ್ನಾಕು ವರ್ಷ. ಗಂಡು ನೋಡಾಕತ್ತಿದ್ರು, ಅದು ಅಲ್ಲಿಗೇ ನಿಂತುಹೋತು. ಸಾಲಿಗೆ ಹಾಕೋ ಮುಂದ ತಾಯಿ ಹೆಸರಿನ ಜಾಗದಾಗ ತನ್ನ ಹೆಸರು ಬರಸಿದ್ಲು. ಯಾರೂ ಕೇಳಲಿಲ್ಲ.

"ಕೂಸಿನ ಅಪ್ಪ?"

"ಹೊರಗ ಕಟ್ಟಿ ಮ್ಯಾಲ ಕುಂತಿದ್ದ. ಅವ್ವ ಒಳಗ ಕರೀಲಿಲ್ರಿ. ನನ್ನ ಮಗಳನ್ನ ತಿಂದಾಂವ ಅಂತ ಆಕಿಗೆ ಸಿಟ್ಟು. ಮುಂದ ಆಂವ ಇನ್ನೊಂದು ಲಗ್ನ ಆದ. ಹುಡುಗಿ ಕೇಳಿದ್ರ, ನಿಮ್ಮಪ್ಪ ಬಿಟ್ಟು ಹೋಗ್ಯಾನ ಅಂತ ಹೇಳಿ ಬೆಳಿಸೇನಿ." ತಲಿ ತಗ್ಗಿಸಿದ್ಲು. "ಅಕ್ಕಾರ, ಆ ಉತಾರ ಹರದು ಒಗೀರಿ. ತಡವಾಗಿ ನೋಂದಣಿ ಅಂತ ಹೊಸಾ ಕಾಗದ ಮಾಡಿಸಿ ಕೊಡೋ ಮಂದಿ ಅದಾರಂತ. ನನ್ನ ಹೆಸರು ಬರಸ್ರಿ."

"ಅಂಥವ್ರು ಅದಾರ, ನನ್ನ ಕಡೆ ಇಲ್ಲ," ಅಂದೆ. "ಒಂದು ಹುಟ್ಟಿಗೆ ಎರಡು ನೋಂದಣಿ ಅದಾವ ಅಂತ ಒಂದಿನ ಗೊತ್ತಾತಂದ್ರ ನಿನ್ನ ನೌಕರೀನೂ ಹೋತು, ಹುಡುಗೀ ಹಾದೀನೂ ಬಂದ್ ಆತು. ಆಕಿ ಈಗಾಗ್ಲೇ ಓದ್ಯಾಳ. ಇನ್ನೊಂದು ಸುಳ್ಳು ಕಾಗದ ಆಕಿ ಕೈಯಾಗ ಕೊಡ್ತೀಯೇನು?"

ಮರುದಿನ ಇಬ್ಬರೂ ಧಾರವಾಡದ ಒಬ್ಬ ವಕೀಲರ ಹಂತೇಲಿ ಹೋದ್ವಿ. ಸಮಾಧಾನದ ಮನಿಷ್ಯಾ, ಪ್ರತಿ ಮಾತು ತೂಗಿ ಆಡಾಂವ. "ಹುಡುಗಿ ನಿಮ್ಮ ಮಗಳಾಗಿ ಹೋಗಬೇಕಂದ್ರ ಕಾಯ್ದೆ ಪ್ರಕಾರ ದತ್ತಕ ಆಗಬೇಕು. ದತ್ತಕ ಅಂದ್ರ ಕೈಯಿಂದ ಕೈಗೆ ಕೊಡೋದು, ತಗೊಳ್ಳೋದು. ಕಾಯ್ದೇನೂ ಅದನ್ನ ಹೇಳ್ತದ. ನಿಮ್ಮವ್ವ ಉಡ್ಯಾಗ ಹಾಕಿದ್ದು ಖರೇ, ಆದ್ರ ಅಜ್ಜಿಗೆ ಕೊಡೋ ಅಧಿಕಾರ ಇಲ್ಲ. ತಾಯಿ ಇಲ್ಲಂದ್ರ ತಂದೀನ ಕೊಡಬೇಕು. ಆಂವ ಬಂದು, ಎಲ್ಲಾರ ಎದುರಿಗೆ ಹುಡುಗೀನ ನಿಮಗ ಕೊಟ್ಟು, ಪತ್ರ ನೋಂದಣಿ ಆಗಬೇಕು. ಮತ್ತ ಹುಡುಗಿಗೆ ಹದಿನೈದು ತುಂಬೋದ್ರೊಳಗ ಆಗಬೇಕು. ತುಂಬಿದ್ರ ಮುಗೀತು," ಅಂದ್ರು.

"ಯಾವಾಗ ತುಂಬ್ತೈತಿ?" ಅಂತ ನಾನು ನರ್ಸ್‌ಬಾಯೀನ ಕೇಳಿದೆ.

"ಜೂನಿಗೆ ರೀ," ಅಂದ್ಲು.

ನಾನು ಡೈರಿಯೊಳಗ ಬರಕೊಂಡೆ: ಮೇ ಕೊನೀ ಒಳಗ. ಅಲ್ಲಿನ ಆಸ್ಪತ್ರಿಯವ್ರು ಜುಲೈ ತನಕ ಟೈಮ್ ಕೊಟ್ಟಿದ್ರು. ಎಲ್ಲಾ ಕೂಡಿ ಬರ್ತೈತಿ ಅಂತ ಅನ್ನಿಸ್ತು.

ಆಂವ ಎಲ್ಲಿರ್ತಾನ ಅಂತ ಕೇಳಿದ್ರ ಅಮರಗೋಳ ಅಂದ್ಲು. ನನಗ ಸಿಟ್ಟ ಬಂತು. ನವನಗರಕ್ಕ ಅಮರಗೋಳ ನಡಕೊಂಡು ಹೋಗೋ ಅಷ್ಟು ದೂರ. ಬಿಟ್ಟು ಹೋಗ್ಯಾನ ಅಂದಾಂವ ಅಲ್ಲೇ ಬಾಜೂಕ ಮಾರ್ಕೆಟ್ ಯಾರ್ಡಿನ್ಯಾಗ, ಒಂದು ದಲಾಲಿ ಅಂಗಡ್ಯಾಗ ಚೀಲ ತೂಗೋ ಕೆಲಸಕ್ಕಿದ್ದ.

ಒಬ್ಬಾಕಿನ ಹೋದೆ. ಮೆಣಸಿನಕಾಯಿ ಸೀಜನ್, ಯಾರ್ಡಿನ್ಯಾಗ ಕಾಲಿಟ್ಟ ಕೂಡ್ಲೇ ಮೂಗು, ಗಂಟಲ ಎಲ್ಲಾ ಘಾಟು. ಕೆಂಪು ಧೂಳಿನ್ಯಾಗ ಟಾವೆಲ್ ಮಾರಿಗೆ ಸುತ್ಕೊಂಡು ಒಬ್ಬ ಸಣಕಲ ಮನಿಷ್ಯಾ ತಕ್ಕಡಿ ಮುಂದ ನಿಂತಿದ್ದ. ನಾನು ಯಾರು, ಯಾಕ ಬಂದೇನಿ ಅಂತ ಹೇಳಿದೆ. ಟಾವೆಲ್ ತಗದ. ಹುಡುಗಿ ಮಾರಿ ಇಂವಂದ ಮಾರಿ, ಅದ ಕಣ್ಣು, ಅದ ಗದ್ದ.

"ಕೊಡಬೇಕಂತ್ರೇನು? ಹದಿನೈದು ವರ್ಷದ ಹಿಂದ ಕೊಟ್ಟಾರಲ್ರಿ. ಯಾರು ಕೊಟ್ರು, ನನಗ ಗೊತ್ತಿಲ್ಲ. ನಾ ಅಂತೂ ಕೊಟ್ಟಿಲ್ಲ. ಕಟ್ಟಿ ಮ್ಯಾಲ ಕುಂತಿದ್ದೆ. ಒಳಗ ಹೆಂಗಸರ ಹಾಡು ಕೇಳ್ತಿತ್ತು. ಒಬ್ರರ ಹೊರಗ ಬಂದು, ತಮ್ಮಾ, ಹಿಂಗ ಮಾಡಾಕತ್ತೇವಿ, ನಿನ್ನ ಮನಸ್ಸು ಏನೈತಿ ಅಂತ ಕೇಳಬೇಕೋ ಬ್ಯಾಡೋ?" ಅಂದ. ಕಣ್ಣಾಗ ನೀರು ಬಂತು. ಮೆಣಸಿನಕಾಯಿ ಘಾಟಿಗೆ ಅಂತ ಅನ್ನಬೇಕಂದ್ರ ಆಂವ ದಿನಾ ಅದರಾಗ ಇರಾಂವ.

"ಆಮ್ಯಾಲಾದ್ರೂ ಹೋಗಬೇಕಿತ್ತಲ್ಲೋ ಮಾರಾಯಾ!" ಅಂತ ನಾನೂ ಜೋರು ಮಾಡಿದೆ.

"ಹೋಗಿದ್ನಿ. ಎರಡು ಸಲ. ಬಾಗಲಾ ತಗೀಲಿಲ್ಲ. ಸಾಲಿ ಬಿಡೋ ಹೊತ್ತಿಗೆ ದೂರ ನಿಂತು ನೋಡೇನಿ ಬಿಡ್ರಿ. ಈಗ ಎಡಕ್ಕ ಬೈತಲಾ ತಗೀತಾಳ." ಟಾವೆಲ್ಲಿನಿಂದ ಮಾರಿ ಒರಸ್ಕೊಂಡ. "ಸಹಿ ಮಾಡ್ತೇನಿ. ಆದ್ರ ನಾ ಬಿಟ್ಟು ಹೋಗಿಲ್ಲ ಅಂತ ಹುಡುಗಿಗೆ ಗೊತ್ತಾಗಬೇಕು. ಆಕೀನ ಬಂದು ಕೇಳಬೇಕು. ಅಷ್ಟ."

ಇದನ್ನ ನರ್ಸ್‌ಬಾಯಿಗೆ ಹೇಳೋದು ಯಾರ್ಡಿಗೆ ಹೋಗೋದಕ್ಕಿಂತ ಕಠಿಣ ಆತು. ಎಂಟು ದಿನ ಆಕಿ ನನ್ನ ಫೋನ್ ಎತ್ತಲಿಲ್ಲ. ಹುಡುಗಿ ಮನ್ಯಾಗ ಕೇಳಿದ್ದಕ್ಕ ಹೂಂ, ಊಹೂಂ ಬಿಟ್ರ ಮಾತಿಲ್ಲ. ಒಂಬತ್ತನೇ ದಿನ ಇಬ್ಬರೂ ಬಂದ್ರು. ನರ್ಸ್‌ಬಾಯಿ ನನ್ನೆದುರಿಗೇ ಮಗಳಿಗೆ ಹೇಳಿದ್ಲು. "ನಿಮ್ಮಪ್ಪ ಬಿಟ್ಟು ಹೋಗಿಲ್ಲವಾ. ನಾವ ಬಾಗಲಾ ಹಾಕ್ಕೊಂಡಿದ್ವಿ. ನೀ ಎಲ್ಲಿ ಆ ಮನಿಗೆ ಹೋಗಿಬಿಡ್ತೀ ಅಂತ ನನಗ ಅಂಜಿಕಿ ಇತ್ತು," ಅಂದ್ಲು. ಹುಡುಗಿ ಕಿಡಕಿ ಕಡೆ ತಿರುಗಿ, "ಎಲ್ಲಾರೂ ನನಗ ಒಂದೊಂದು ಹೇಳ್ತೀರಿ. ನಾ ಆಂವನ್ನ ನೋಡಬೇಕು," ಅಂದ್ಲು.

ನಾನ ಕರಕೊಂಡು ಹೋದೆ. ಯಾರ್ಡಿನ ಚಹಾ ಅಂಗಡಿ ಬೆಂಚಿನ ಮ್ಯಾಲ ಅಪ್ಪ, ಮಗಳು ಎರಡು ಕಡೆ ಕುಂತ್ರು, ನಡುವ ಇನ್ನೊಬ್ಬರು ಕುಂದರೋ ಅಷ್ಟು ಜಾಗ ಬಿಟ್ಟು. ಆಂವ ಚಹಾದ ಕಪ್ಪು ಆಕಿ ಕಡೆ ಸರಿಸಿದ. ಆಕಿ "ನನ್ನವ್ವ ಹೆಂಗಿದ್ಲು?" ಅಂದ್ಲು. ಆಂವ ಹೇಳಾಕತ್ತ. ನಾನು ಎದ್ದು ದೂರ ಹೋದೆ, ಅದು ನಾನು ಕೇಳೋ ಮಾತಲ್ಲ. ತಿರುಗಿ ಬರೋ ಮುಂದ ಹುಡುಗಿ, "ನನ್ನ ಆಕಿಗೆ ಕೊಡ್ತೀಯೇನು?" ಅಂತ ಕೇಳಾಕತ್ತಿದ್ಲು. ಆಂವ, "ಕೊಡ್ತೇನವಾ," ಅಂದ. ಅಷ್ಟ ಅಂದ.

ಶಿವರಾತ್ರಿ ಇನ್ನೂ ಮುಂದಿತ್ತು. ಆಂವ ನನ್ನ ಹಂತೇಲಿ ಬಂದು, "ಅಕ್ಕಾರ, ಮೆಣಸಿನಕಾಯಿ ಸೀಜನ್ ಮುಗೀಲ್ರಿ. ಈಗ ರಜಾ ಕೇಳಿದ್ರ ಸಾವ್ಕಾರ ಕೆಲಸದಿಂದನ ತಗೀತಾನ. ಯುಗಾದಿ ಆದ ಮ್ಯಾಲ ಛಲೋ ದಿನ ನೋಡಿ ಮಾಡೂಣ್ರಿ. ಇದೊಂದು ಸಲಾ ನನ್ನ ಕೈಯಿಂದ ನೆಟ್ಟಗ ಆಗ್ಲಿ," ಅಂದ. ನಾನು ಡೈರಿ ನೋಡಿದೆ. ಮೇ ತನಕ ಟೈಮ್ ಇತ್ತು.

"ಅವಸರ ಏನಿಲ್ಲ ಬಿಡೋ, ಯುಗಾದಿ ಆಗ್ಲಿ," ಅಂದೆ. ನಾನ ಅಂದೆ. ಬ್ಯಾರೆ ಯಾರೂ ಅಲ್ಲ.

ಆ ನಡುವ ಉಳಿದ ಕೆಲಸ ಎಲ್ಲಾ ಓಡಿಸಿದೆ. ನರ್ಸ್‌ಬಾಯಿ ಪೊಲೀಸ್ ಕ್ಲಿಯರೆನ್ಸ್ ಬಂತು. ಮಾರ್ಕ್ಸ್ ಕಾರ್ಡು ಬೆಂಗಳೂರಿಗೆ ಹೋಗಿ ಸಿಕ್ಕಾ ಹಾಕಿಸ್ಕೊಂಡು ಬಂತು. ವಕೀಲರು ದತ್ತಕ ಪತ್ರದ ಕರಡು ಕಳಿಸಿದ್ರು, ಹುಡುಗಿ ವಯಸ್ಸಿನ ಜಾಗದಾಗ ಆಧಾರ್ ಪ್ರಕಾರ ಹದಿನಾಕು ಅಂತಿತ್ತು. ಹುಡುಗಿ ಮತ್ತ ಮಾತಾಡಾಕತ್ತಿದ್ಲು. ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟ ಮ್ಯಾಲ ಯಾರ್ಡಿಗೆ ಹೋಗಿ ಅಪ್ಪನ ಕೂಡ ಚಹಾ ಕುಡದು ಬರ್ತಿದ್ಲು. ನರ್ಸ್‌ಬಾಯಿ ಬ್ಯಾಡ ಅನ್ನಲಿಲ್ಲ, ಆದ್ರ ಆಕಿ ಬರೋ ತನಕ ಗೇಟಿನ ಹತ್ರ ನಿಂತಿರ್ತಿದ್ಲಂತ.

ಮಾರ್ಚಿನ್ಯಾಗ ಒಂದಿನ ನರ್ಸ್‌ಬಾಯಿ ನನ್ನ ಊಟಕ್ಕ ಕರದ್ಲು. ದೊಡ್ಡವ್ವನ ದಿನ, ವರ್ಷಾ ಫೋಟೋಕ್ಕ ಎಡಿ ಹಿಡದು ನಾಕು ಮಂದಿಗೆ ಊಟಕ್ಕ ಹಾಕೋ ರೂಢಿ. ನವನಗರದ ಎರಡು ಖೋಲಿ ಮನಿ, ಗ್ವಾಡಿಗೆ ಆಗ್ಲೇ ಎರಡು ದೊಡ್ಡ ಸೂಟ್‌ಕೇಸ್ ಆನಿಸಿಟ್ಟಿದ್ರು. ಈ ಸಲ ಹುಡುಗೀನ ಫೋಟೋಕ್ಕ ಹೂವು ಹಾಕಿದ್ಲು. ಗೊತ್ತಾದ ಮ್ಯಾಲ ಬಂದ ಮದಲನೇ ವರ್ಷ. ಹಾಕಿ, ನಿಂತ್ಕೊಂಡು, "ಅವ್ವಾ" ಅಂದ್ಲು. ಯಾರ ಕಡೆ ತಿರುಗಿ ಅಂದ್ಲೋ ತಿಳೀಲಿಲ್ಲ, ಒಲಿ ಮುಂದಿದ್ದ ನರ್ಸ್‌ಬಾಯಿ "ಏನವಾ" ಅಂತ ಓಡಿ ಬಂದ್ಲು. ನಾನು ಎರಡು ಹೋಳಿಗಿ ಜಾಸ್ತೀನ ಉಂಡೆ. ಕೂಸು ಹಡದ ದಿನಾನ ತಾಯಿ ಸತ್ಲು ಅಂತ ಆಕಿ ಬಾಯಿಲೇ ಕೇಳಿದ್ದೆ. ಅದ ದಿನದ ಎಡಿ ಮುಂದ ಕುಂತು ಉಂಡೆ. ತಲ್ಯಾಗ ಒಂದು ಎಳಿ ಹೊಳೀಲಿಲ್ಲ ನೋಡ್ರಿ.

ಯುಗಾದಿ ಆಗಿ ಆರನೇ ದಿನ ನೋಂದಣಿ ಇತ್ತು. ಮುಂಜಾನೆ ಒಂಬತ್ತಕ್ಕ ನಾನು ಖೋಲ್ಯಾಗ ಕುಂತು ಪತ್ರಕ್ಕ ಲಗತ್ತಿಸೋ ಕಾಗದಕ್ಕ ಒಂದು, ಎರಡು ಅಂತ ನಂಬರ್ ಹಾಕಾಕತ್ತಿದ್ದೆ. ಕೊನೀಗೆ ಫೈಲಿನ ತಳದಾಗ ಬೋರಲ ಬಿದ್ದಿದ್ದ ಉತಾರ ಕೈಗೆ ಬಂತು. ನಂಬರ್ ಹಾಕಬೇಕಂದ್ರ ತಿರುವಿ ಹಾಕಬೇಕು. ತಿರುವಿದೆ. ಕೆಳಗಿನ ಸಾಲಿನ್ಯಾಗ ಹುಟ್ಟಿದ ತಾರೀಖಿತ್ತು. ಮಾರ್ಚ್. ನಾನು ಹೋಳಿಗಿ ಉಂಡು ಬಂದ ದಿನ. ಬೆರಳು ಮಡಚಿ ಎಣಿಸಿದೆ, ಮತ್ತ ಎಣಿಸಿದೆ. ಹುಡುಗಿಗೆ ಹದಿನೈದು ತುಂಬಿ ಮೂರು ವಾರ ಆಗಿತ್ತು.

ಎದ್ದು ನೀರು ಕುಡದೆ, ಮತ್ತ ಕುಂತೆ. ಜನವರಿಯೊಳಗ ಆ ಕಾಗದ ಪೂರ್ತಿ ಓದಿದ್ರ ಎರಡು ತಿಂಗಳು ಕೈಯಾಗಿತ್ತು. ಊರ ಮಂದಿ ಕಾಗದದ ತಪ್ಪು ಹುಡುಕಿ ಹುಡುಕಿ ಬೈಯೋ ಹೆಂಗಸು ನಾನು. ಒಂದು ಉತಾರ ನೋಡಾಕ ನಾಚಿ ಬೋರಲ ಹಾಕಿ ಕುಂತಿದ್ದೆ. ಕೆಟ್ಟ ಮ್ಯಾಲ ಬುದ್ಧಿ ಬಂತು.

ವಕೀಲರಿಗೆ ಫೋನ್ ಹಚ್ಚಿದೆ. ಅವರು, "ಆಧಾರದಾಗ ಜೂನ್ ಇದ್ರ ಇಲ್ಲಿ ನೋಂದಣಿ ಆಗ್ತದ. ಯಾರೂ ಉತಾರ ಕೇಳಂಗಿಲ್ಲ. ಆದ್ರ ವೀಸಾದವ್ರು ಕೇಳ್ತಾರ. ಎರಡೂ ಕಾಗದ ಒಂದ ಮೇಜಿನ ಮ್ಯಾಲ ಬಂದ ದಿನ ದತ್ತಕಾನ ಸುಳ್ಳಾಗ್ತದ, ತಾಯಿ ಮ್ಯಾಲೂ ಬರ್ತದ. ನಿಮಗ ಬಿಟ್ಟದ್ದು," ಅಂದ್ರು. ಉತಾರ ಕಳದುಹೋಗೇತಿ ಅಂದ್ರ ಹೆಂಗ ಅಂತ ಕೇಳೋ ಮಾತು ನನ್ನ ನಾಲಗಿ ತುದೀಗೆ ಬಂದಿತ್ತು. ಇಡೀ ಹಾದಿ ಆಟೋದಾಗ ಅದನ್ನ ಯೋಚನಿ ಮಾಡಿದೆ. ಹರದು ಗಾಳಿಗೆ ಬಿಟ್ರ ಮುಗೀತು. ಆದ್ರ ನೋಂದಣಿ ಪುಸ್ತಕ ನನ್ನ ಕೈಯಾಗಿಲ್ಲ. ಇನ್ನೊಂದು ಪ್ರತಿ ಯಾರಾದ್ರೂ ತಗೀಬಹುದು. ಅವತ್ತ ಆ ಹುಡುಗಿ ಹೊರದೇಶದಾಗ ಯಾರ ಮಗಳು ಅಂತ ನಿಂದರಬೇಕು?

ನೋಂದಣಿ ಕಚೇರಿ ಕಂಪೌಂಡಿನ್ಯಾಗ ಬೇವಿನ ಗಿಡದ ಕೆಳಗ ಎಲ್ಲಾರೂ ನಿಂತಿದ್ರು. ಹುಡುಗಿ ಅಪ್ಪ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕ್ಕೊಂಡಿದ್ದ. ಆಂವನ ಹೇಣ್ತೀನೂ ಬಂದಿದ್ಲು, ಕೈಯಾಗ ಪುಟ್ಟಿ, ಪುಟ್ಟಿಯೊಳಗ ಅಕ್ಕಿ, ಉತ್ತತ್ತಿ, ಟೆಂಗಿನಕಾಯಿ, ಹಸರ ಕುಪ್ಪಸ. ಹುಡುಗಿ ಲಂಗಾ ದಾವಣಿ ಉಟ್ಟಿದ್ಲು. ನರ್ಸ್‌ಬಾಯಿ ಸೆರಗು ನೆಟ್ಟಗ ಮಾಡ್ಕೋತ ನಕ್ಕೋತ ನನ್ನ ಕಡೆ ಬಂದ್ಲು. "ಲೇಟ್ ಮಾಡಿದ್ರಲ್ರಿ ಅಕ್ಕಾರ, ನಿಮ್ಮನ್ನೂ ಒಂದಿನ ಬೈಯೋ ಚಾನ್ಸ್ ನನಗ ಸಿಕ್ತು!" ಅಂದ್ಲು.

ಹೇಳಿದೆ. ಸುತ್ತಿ ಬಳಸಿ ಹೇಳಾಕ ನನಗ ಬರಂಗಿಲ್ಲ. ಉತಾರ ತೋರಿಸಿದೆ, ತಾರೀಖಿನ ಮ್ಯಾಲ ಬೆರಳಿಟ್ಟೆ.

ನರ್ಸ್‌ಬಾಯಿ ಓದಿದ್ಲು. "ಇದು ಅಕ್ಕನ ದಿನಾ ರೀ," ಅಂದ್ಲು. ಆಮ್ಯಾಲ ತಿಳೀತು. ಹದಿನೈದು ವರ್ಷ ಆ ದಿನ ಆಕಿಗೆ ಅಕ್ಕ ಸತ್ತ ದಿನ ಆಗಿ ಉಳದಿತ್ತು, ಮಗಳು ಹುಟ್ಟಿದ ದಿನ ಅಂತ ಒಂದು ಸಲಾನೂ ಬಾಯಾಗ ಬಂದಿರ್ಲಿಲ್ಲ. ಹುಡುಗಿಗೆ ಸಂಶೆ ಬರಬಾರ್ದು ಅಂತ ಜೂನ್ ಒಂದಕ್ಕ ಕೇಕ್ ತಂದು ತಂದು, ತಾನೂ ಅದನ್ನ ನಂಬಿಬಿಟ್ಟಿದ್ಲು.

"ಜೂನ್ ಬರೀರಿ," ಅಂದ್ಲು. "ಆಧಾರದಾಗ ಐತಿ, ಪಾಸ್‌ಪೋರ್ಟಿನ್ಯಾಗ ಐತಿ. ಬರೀರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೇನಿ."

"ಬರಿಯಂಗಿಲ್ಲ."

"ನೀವು ಅವತ್ತ ನೋಡಬೇಕಿತ್ತು! ನೋಡೋದ ನಿಮ್ಮ ಕೆಲಸ! ಮಗಳ ಕೈಲೆ ಓದಿಸಿ ಆಕಿ ಎದಿ ಒಡದ್ರಿ, ನೋಡೋದನ್ನ ಮಾತ್ರ ನೋಡಲಿಲ್ಲ!" ಅಂತ ಎಲ್ಲಾರ ಎದುರಿಗೆ ಚೀರಿದ್ಲು.

"ಹೌದು," ಅಂದೆ. "ನನ್ನ ತಪ್ಪು." ಇಷ್ಟು ವರ್ಷದಾಗ ಈ ಖೋಲಿ ಕೆಲಸದಾಗ ಈ ಮಾತು ಅಂದದ್ದು ಅದ ಮದಲು. ಅಂದ್ರೂ ಏನೂ ಆಗಲಿಲ್ಲ, ತಾರೀಖು ತಿರುಗಿ ಬರ್ಲಿಲ್ಲ.

ಹುಡುಗಿ ಅಪ್ಪ ಸಾವಕಾಶ ಮುಂದ ಬಂದು, "ಹಂಗಂದ್ರ... ಆಕಿ ಇನ್ನೂ ನನ್ನ ಮಗಳೇನ್ರಿ?" ಅಂದ. ಮಾರಿ ಮ್ಯಾಲ ಒಂದು ಬೆಳಕು ಬಂದು, ನರ್ಸ್‌ಬಾಯೀನ ನೋಡಿದ ಕೂಡ್ಲೇ ಆಂವಗ ತನ್ನ ಬಗ್ಗೆ ತನಗ ನಾಚಿಗಿ ಬಂತು. ಹಿಂದ ಸರದ. ಆಂವನ ಹೇಣ್ತಿ ಪುಟ್ಟಿ ನೆಲಕ್ಕಿಟ್ಟು ನರ್ಸ್‌ಬಾಯಿ ಬೆನ್ನ ಮ್ಯಾಲ ಕೈ ಆಡಿಸಾಕತ್ತಿದ್ಲು. ಆ ಹೆಂಗಸಿನ ಹೆಸರೂ ನನಗ ಗೊತ್ತಿಲ್ಲ.

ಆಮ್ಯಾಲ ಒಂದು ತಿಂಗಳು ನಾನು ಮಾಡದ ಪ್ರಯತ್ನ ಇಲ್ಲ. ರೂಢಿ ಐತಿ ಅಂತ ಕೋರ್ಟಿನ್ಯಾಗ ಸಿದ್ಧ ಮಾಡಿದ್ರ ಹದಿನೈದು ದಾಟಿದ್ರೂ ನಡೀತದ, ಆದ್ರ ಅದಕ್ಕ ವರ್ಷಗಟ್ಟಲೆ ಬೇಕು ಅಂದ್ರು ವಕೀಲರು. ಪಾಲಕಿ ಅಂತ ಆದೇಶ ತಂದ್ರ ಸಾಕೇನು ಅಂತ ವೀಸಾ ಕಚೇರಿಗೆ ಈಮೇಲ್ ಬರದೆ. ಪಾಲಕಿ ಅಂದ್ರ ತಾಯಿ ಅಲ್ಲ, ಅದೂ ತಂದಿ ಇರೋ ಮುಂದ, ಅಂತ ಎರಡು ಸಾಲಿನ ಉತ್ತರ ಬಂತು. ಆಸ್ಪತ್ರಿಯವ್ರು ಇನ್ನೊಂದು ತಿಂಗಳು ಕೊಟ್ರು, ಅದರ ಮುಂದ ಇಲ್ಲ ಅಂದ್ರು. ನರ್ಸ್‌ಬಾಯಿ ಇಲ್ಲಿನ ಕೆಲಸಕ್ಕ ರಾಜೀನಾಮೆ ಕೊಟ್ಟಾಗಿತ್ತು.

"ನಾ ಹೋಗಂಗಿಲ್ಲ, ಮುಗೀತು," ಅಂದ್ಲು ಆಕಿ. ನನಗೂ ಅದ ಸರಿ ಅನ್ನಿಸಿತ್ತು. ಕಳಿಸಿದಾಕಿ ಹುಡುಗಿ. ನನ್ನ ಖೋಲ್ಯಾಗ, ನನ್ನೆದುರಿಗೇ ಆತು ಆ ಮಾತು.

"ನನ್ನ ಸಲುವಾಗಿ ಲಗ್ನಾ ಬಿಟ್ಟಿ. ಮೂರು ಸಲ ಪರೀಕ್ಷಾ ಬರದಿ. ಈಗ ಇದನ್ನೂ ಬಿಟ್ಟಿ ಅಂದ್ರ ನಾ ಹೆಂಗ ಇರ್ಲಿ? ನಿನ್ನ ಮಾರಿ ನೋಡಿದಾಗೊಮ್ಮೆ ನಾ ಅದನ್ನ ಎಣಿಸಬೇಕೇನು? ನೀ ಹೋಗು. ಪಿಯುಸಿ ಮುಗಿಸಿ, ಹದಿನೆಂಟು ಆದ ಮ್ಯಾಲ ನಾನ ಓದಾಕ ಬರ್ತೇನಿ. ಆಗ ಯಾರ ಸಹಿನೂ ಬ್ಯಾಡ."

"ಮೂರು ವರ್ಷವಾ!"

"ಅಪ್ಪನ ಮನ್ಯಾಗ ಇರ್ತೇನಿ. ಆಂವ ಕೇಳ್ಯಾನ. ಇದ ಸಾಲಿಗೆ ನಡಕೊಂಡು ಬರ್ತೇನಿ."

ಅಪ್ಪನ ಮನಿ ಅಂದ ಮಾತಿಗೆ ನರ್ಸ್‌ಬಾಯಿ ಮಾರಿ ಹೆಂಗ ಆತು ಅಂದ್ರ, ನಾನು ಎದ್ದು ಸುಳ್ಳ ಕೆಲಸ ಹುಡುಕ್ಕೊಂಡು ಕಪಾಟ ತಗದೆ. ಯಾವ ಬಾಗಲಾ ಹದಿನೈದು ವರ್ಷ ಹಾಕಿ ಹಿಡದಿದ್ಲೋ, ಅದನ್ನ ಈಗ ತಾನ ತಗದು ಕಳಿಸಬೇಕಾಗಿತ್ತು. ಆದ್ರೂ ಒಂದು ವಾರದ ಮ್ಯಾಲ "ಆತ್ರಿ ಅಕ್ಕಾರ, ನಂದೊಬ್ಬಾಕೀದ ಅರ್ಜಿ ತುಂಬ್ರಿ," ಅಂತ ಫೋನ್ ಮಾಡಿದ್ಲು.

ತಾಯಿ, ಮಗಳು ಇಬ್ಬರೂ ಬಂದ್ರು. ಹುಡುಗೀನ ಅವ್ವನ ಪಾಸ್‌ಪೋರ್ಟಿನ ಝೆರಾಕ್ಸಿಗೆ ಕೆಳಗ ಕಳಿಸಿ, ನಾನು ಕಂಪ್ಯೂಟರಿನ್ಯಾಗ ಅರ್ಜಿ ತಗದೆ. ನರ್ಸ್‌ಬಾಯಿ ಬಾಜೂಕ ಖುರ್ಚಿ ಎಳಕೊಂಡು ಕುಂತ್ಲು. ಹೆಸರು, ವಿಳಾಸ, ಪಾಸ್‌ಪೋರ್ಟ್ ನಂಬರು. ಲಗ್ನ ಆಗೇತೇನು? ಇಲ್ಲ. ಮುಂದಿನ ಪ್ರಶ್ನಿ ನಾನು ಬಾಯಿಬಿಟ್ಟು ಕೇಳಲಿಲ್ಲ, ಪರದೆ ಮ್ಯಾಲ ಆಕಿಗೂ ಕಾಣ್ತಿತ್ತು. ಮಕ್ಕಳೆಷ್ಟು?

"ಒಬ್ಬಾಕಿ," ಅಂದ್ಲು, ಎಲ್ಲಾ ಕಡೆ ಹೇಳೋ ಹಂಗ.

ನಾನು ಕೀಬೋರ್ಡಿನಿಂದ ಕೈ ತಗದೆ. ಆಕಿ ಪರದೆ ನೋಡಿದ್ಲು, ನನ್ನ ನೋಡಿದ್ಲು.

"ಏನ್ ಹಾಕಬೇಕ್ರಿ?"

"ಸೊನ್ನಿ," ಅಂದೆ. "ಸೊನ್ನಿ ಹಾಕಬೇಕವಾ." ನನಗ ಅಳು ತಡೀಲಿಲ್ಲ. ಆಕಿ ಅಳಲಿಲ್ಲ. ಕೀಬೋರ್ಡು ತನ್ನ ಕಡೆ ಎಳಕೊಂಡು, ಆ ಗುಂಡಿ ಎಲ್ಲೈತಿ ಅಂತ ಹುಡುಕಿ, ತಾನ ಒತ್ತಿದ್ಲು.

ಮೆಟ್ಟಲ ಮ್ಯಾಲ ಚಪ್ಪಲಿ ಸಪ್ಪಳ ಬಂತು. ನರ್ಸ್‌ಬಾಯಿ ಗಡಬಡಿಸಿ ನನ್ನ ಮೊಣಕೈ ಹಿಡದ್ಲು. "ಲಗೂನ ಮುಂದಿನ ಪುಟ ತಗೀರಿ ಅಕ್ಕಾರ. ಆಕಿ ನೋಡಿಗೀಡ್ಯಾಳು," ಅಂದ್ಲು.

ನಾನು ಮುಂದಿನ ಪುಟ ತಗದೆ.